ಊರ ನೀರು, ಊರವರ ಹಲ್ಲು

ಗದಗ ಜಿಲ್ಲೆಯಲ್ಲಿ ಎರಡು ಬಗೆಯ ನೆಲವಿದೆ. ಗದಗ ಪಟ್ಟಣದ ವಾಯವ್ಯಕ್ಕಿರುವ ಹೊಂಬಳದಿಂದ ಹಿಡಿದು ರೋಣ, ನರಗುಂದದ ಕಡೆಗೆ ಹಬ್ಬಿರುವುದು ಎರಿ ಸೀಮೆ. ಬಿಳಿಜೋಳ, ಕಡಲೆ, ಕುಸುಬಿ, ಹತ್ತಿ ಬೆಳೆಯುವ ಕಪ್ಪು ನೆಲ ಅದು. ಕಪ್ಪತಗುಡ್ಡದ ಆಚೀಚೆ, ಮುಂಡರಗಿ ಮತ್ತು ಶಿರಹಟ್ಟಿ ತಾಲ್ಲೂಕುಗಳ ಬಹುಭಾಗದಲ್ಲಿ ಮಸಾರಿ ಮಣ್ಣು. ಅದರಡಿಗೆ ಗಟ್ಟಿ ಕಲ್ಲು. ನೆಲ ಬದಲಾದಂತೆ ನೀರು ಬದಲಾಗುತ್ತದೆ, ನೀರು ಬದಲಾದಂತೆ ಅದನ್ನು ಕುಡಿದು ಬೆಳೆದವರ ಹಲ್ಲೂ ಬದಲಾಗುತ್ತದೆ.

ಹಲ್ಲು ಕೆಟ್ಟರೆ ಸರಿಯಾಗಿ ಉಜ್ಜಲಿಲ್ಲ ಎಂದು ಬೈಯುವುದು ನಮ್ಮ ರೂಢಿ. ಆ ಮಾತಿನಲ್ಲಿ ಸತ್ಯವಿದೆ, ಆದರೆ ಅರ್ಧ ಮಾತ್ರ. ಕುಡಿಯುವ ನೀರು, ಅಂಗಡಿಯಲ್ಲಿ ತೂಗಾಡುವ ಪೊಟ್ಟಣಗಳು, ಹೊಲದ ಬಿಸಿಲು, ಮನೆಯ ಬಡತನ, ದವಾಖಾನೆಯ ದೂರ, ಇವೆಲ್ಲ ಸೇರಿ ಒಬ್ಬರ ಬಾಯಿಯ ಆರೋಗ್ಯವನ್ನು ನಿರ್ಧರಿಸುತ್ತವೆ. ಜಗತ್ತಿನಲ್ಲಿ ಸುಮಾರು 350 ಕೋಟಿ ಜನ ಬಾಯಿಯ ಒಂದಲ್ಲ ಒಂದು ಕಾಯಿಲೆಯಿಂದ ಬಳಲುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಹೇಳಿತು. ಇಷ್ಟು ಜನ ಒಟ್ಟಿಗೇ ಹಲ್ಲುಜ್ಜಲು ಸೋಮಾರಿಗಳಾಗಿರಲಾರರು. ಹಸುಗೂಸಿನಿಂದ ಮುದುಕರವರೆಗೆ ಯಾವ ವಯಸ್ಸಿನಲ್ಲಿ ಯಾವ ಪರಿಸರ ಹಲ್ಲನ್ನು ಕೆಡಿಸುತ್ತದೆ, ಅದನ್ನು ತಡೆಯುವ ಶಕ್ತಿ ಯಾರ ಕೈಯಲ್ಲಿದೆ ಎಂಬುದನ್ನು ಗದಗ ಸೀಮೆಯನ್ನೇ ಮುಂದಿಟ್ಟುಕೊಂಡು ನೋಡಬೇಕಾಗಿದೆ.

ನೀರಿನ ಕಥೆ

ಎರಿ ಸೀಮೆಯ ಬಾವಿಗಳಲ್ಲಿ ಸವಳು ನೀರೇ ಹೆಚ್ಚು. ಹಾಗಾಗಿ ಇಲ್ಲಿನ ಹಳ್ಳಿಗಳು ಹಿಂದಿನಿಂದಲೂ ಮಳೆನೀರನ್ನು ಕೆರೆಯಲ್ಲಿ ಹಿಡಿದಿಟ್ಟುಕೊಂಡು ಕುಡಿದವು. ಕುಡಿಯುವ ನೀರಿನ ಕೆರೆಯೇ ಬೇರೆ, ದನ ಇಳಿಯುವ ಹೊಂಡವೇ ಬೇರೆ ಎಂಬ ಕಟ್ಟುಪಾಡು ಈ ಭಾಗದ ಹಲವು ಊರುಗಳಲ್ಲಿತ್ತು. ಅತಿಯಾದರೆ ಹಲ್ಲನ್ನೂ ಎಲುಬನ್ನೂ ಕೆಡಿಸುವ ಫ್ಲೋರೈಡ್ ಮಳೆನೀರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ತೆರೆದ ಕೆರೆ, ಮೆಟ್ಟಿಲುಬಾವಿಗಳ ನೀರಿಗೆ ಬೇರೆ ಅಪಾಯಗಳಿದ್ದವು. ವಾಂತಿಭೇದಿ ಬರುತ್ತಿತ್ತು. ಉತ್ತರ ಕರ್ನಾಟಕದಲ್ಲಿ ನಾರುಹುಣ್ಣು ಕಾಡುತ್ತಿತ್ತು.

1960ರ ದಶಕದ ಬರಗಾಲಗಳ ನಂತರ ದೇಶದ ಉದ್ದಗಲಕ್ಕೂ ಕೊಳವೆಬಾವಿಗಳನ್ನು ಕೊರೆಯುವ ಕೆಲಸ ವೇಗ ಪಡೆಯಿತು. ನಮ್ಮ ನೆರೆಯ ಸೋಲಾಪುರದಲ್ಲಿ ರೂಪುಗೊಂಡ ಕೈಪಂಪನ್ನೇ ಆಧಾರವಾಗಿಟ್ಟುಕೊಂಡು 'ಇಂಡಿಯಾ ಮಾರ್ಕ್-2' ಪಂಪು ತಯಾರಾಯಿತು. ಊರೂರಿಗೆ ಬೋರಿಂಗ್ ಬಂತು. ಮೆಟ್ಟಿಲುಬಾವಿಗೆ ಇಳಿಯುವುದು ತಪ್ಪಿತು. 2000ನೇ ಇಸವಿಯಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಆಳದ ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು ತನ್ನೊಂದಿಗೆ ಕಲ್ಲಿನ ಗುಣವನ್ನೂ ಮೇಲಕ್ಕೆ ತಂದಿತು.

ಗ್ರಾನೈಟ್ ಮತ್ತು ಅದರ ಜಾತಿಯ ಕಲ್ಲುಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೊಟೈಟ್ ಮೊದಲಾದ ಖನಿಜಗಳಿರುತ್ತವೆ. ನೀರು ಅವುಗಳಿಂದ ಫ್ಲೋರೈಡನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಾ ಗುಣ ಹೆಚ್ಚಿದ್ದರೆ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಜನ ಮೋಸಹೋಗುವುದು ಇಲ್ಲಿಯೇ. ಬಾಯಿಗೆ ಹಿತವಾದ, ಸಾಬೂನು ಚೆನ್ನಾಗಿ ನೊರೆ ಕೊಡುವ, ಬೇಳೆ ಬೇಗ ಬೇಯುವ ನೀರನ್ನು ನಾವು ಒಳ್ಳೆಯ ನೀರು ಎನ್ನುತ್ತೇವೆ. ಅಂಥ ಮೆದು ನೀರಿನಲ್ಲೇ ಹಲವೆಡೆ ಫ್ಲೋರೈಡ್ ಹೆಚ್ಚಿರುತ್ತದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುಡಿಯುವ ನೀರಿನಲ್ಲಿರುವ ಮಟ್ಟದಲ್ಲಿ ರುಚಿಯೂ ಇಲ್ಲ. ನಾಲಿಗೆಯನ್ನು ನಂಬಿ ಅದನ್ನು ಕಂಡುಹಿಡಿಯಲು ಆಗದು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಿತ ಮಿತಿ. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಮತ್ತು ಶಿರಹಟ್ಟಿ ಕಡೆಯಲ್ಲಿ, ಈ ಗೆರೆ ದಾಟಿದ ಕೊಳವೆಬಾವಿಗಳಿವೆ. ಪಾವಗಡ, ಬಾಗೇಪಲ್ಲಿ, ಕೊಪ್ಪಳ, ರಾಯಚೂರು ಸೀಮೆಗಳದ್ದೂ ಇದೇ ಸಂಕಟ.

ಮಿತಿಯನ್ನು ಗೊತ್ತುಮಾಡುವಾಗ ಒಬ್ಬರು ದಿನಕ್ಕೆ ಸುಮಾರು ಎರಡು ಲೀಟರ್ ನೀರು ಕುಡಿಯುತ್ತಾರೆ ಎಂದು ಲೆಕ್ಕ ಹಿಡಿಯಲಾಗಿದೆ. ಏಪ್ರಿಲ್ ಬಿಸಿಲಿನಲ್ಲಿ ಹೊಲದಲ್ಲಿ ದುಡಿಯುವವರಿಗೆ ಎರಡು ಲೀಟರ್ ಎಲ್ಲಿ ಸಾಕು? 1.5 ಮಿಲಿಗ್ರಾಂ ಇರುವ ನೀರನ್ನು ಎರಡು ಲೀಟರ್ ಕುಡಿದರೆ ಮೈಗೆ ಸೇರುವುದು 3 ಮಿಲಿಗ್ರಾಂ. 3 ಮಿಲಿಗ್ರಾಂ ಇರುವ ನೀರನ್ನು ನಾಲ್ಕು ಲೀಟರ್ ಕುಡಿದರೆ 12 ಮಿಲಿಗ್ರಾಂ. ಬಿಸಿಲು ಹೆಚ್ಚಿದ ನಾಡಿನಲ್ಲಿ ನೀರಿನ ಫ್ಲೋರೈಡ್ ಮಿತಿ ಇನ್ನೂ ಕೆಳಗಿರಬೇಕೆಂದು ಅಮೆರಿಕದ ಸಂಶೋಧಕರು 1950ರ ದಶಕದಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅಲ್ಲಿನ ತಂಪು ಸೀಮೆಗೆ 1.2, ಬಿಸಿ ಸೀಮೆಗೆ 0.7 ಮಿಲಿಗ್ರಾಂ ಎಂಬುದು ಅವರ ಲೆಕ್ಕದಿಂದ ಬಂದ ಅಳತೆ. ಗದಗಿನ ಬಿಸಿಲಿಗೆ ಯಾವ ಅಳತೆ ಹೊಂದುತ್ತದೆಂದು ಬೇರೆ ಹೇಳಬೇಕಿಲ್ಲ.

ಹಲ್ಲು ಕಟ್ಟುವ ಎಂಟು ವರ್ಷ

ಹಲ್ಲು ಬಾಯಲ್ಲಿ ಕಾಣಿಸಿಕೊಳ್ಳುವುದಕ್ಕೆ ವರ್ಷಗಳ ಮೊದಲೇ ಒಸಡಿನೊಳಗೆ ಕಟ್ಟತೊಡಗುತ್ತದೆ. ಹಾಲುಹಲ್ಲುಗಳ ಕೆಲಸ ತಾಯಿಯ ಹೊಟ್ಟೆಯಲ್ಲೇ, ನಾಲ್ಕನೇ ತಿಂಗಳ ಹೊತ್ತಿಗೆ ಶುರುವಾಗುತ್ತದೆ. ಶಾಶ್ವತ ಬಾಚಿಹಲ್ಲುಗಳ ಮೇಲ್ಪದರವಾದ ಎನಾಮೆಲ್ ಮಗುವಿಗೆ ಮೂರು-ನಾಲ್ಕು ತಿಂಗಳಾದಾಗಿನಿಂದ ಕಟ್ಟತೊಡಗಿ ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ. ಬುದ್ಧಿಹಲ್ಲೊಂದನ್ನು ಬಿಟ್ಟರೆ ಮಿಕ್ಕೆಲ್ಲ ಶಾಶ್ವತ ಹಲ್ಲುಗಳ ಎನಾಮೆಲ್ ಎಂಟು ವರ್ಷದ ಹೊತ್ತಿಗೆ ಸಿದ್ಧ. ಆಮೇಲೆ ಆ ಪದರ ಹೊಸದಾಗಿ ಹುಟ್ಟುವುದಿಲ್ಲ.

ಈ ಅವಧಿಯಲ್ಲಿ ಮೈಗೆ ಹೆಚ್ಚು ಫ್ಲೋರೈಡ್ ಸೇರಿದರೆ ಎನಾಮೆಲ್ ಪೂರ್ತಿ ಗಟ್ಟಿಯಾಗದೆ ಒಳಗೆ ಸೂಕ್ಷ್ಮ ತೂತುಗಳು ಉಳಿಯುತ್ತವೆ. ಹಸಿ ಗಾರೆಗೆ ಬಿದ್ದ ಗೀರು ಗೋಡೆ ಒಣಗಿದ ಮೇಲೂ ಉಳಿದ ಹಾಗೆ, ಮಗುವಿನ ಆ ವರ್ಷಗಳ ನೀರು ಹಲ್ಲಿನಲ್ಲಿ ಕೊನೆಯವರೆಗೂ ಉಳಿಯುತ್ತದೆ. ಮೇಲಿನ ಸಾಲಿನ ನಡುವಿನ ಎರಡು ಬಾಚಿಹಲ್ಲುಗಳಿಗೆ ಅತ್ಯಂತ ಅಪಾಯದ ಕಾಲವೆಂದರೆ ಮಗುವಿಗೆ ಒಂದೂಕಾಲು ವರ್ಷದಿಂದ ಎರಡೂವರೆ ವರ್ಷದ ನಡುವಣ ದಿನಗಳು. ಅಂಗನವಾಡಿಗೂ ಹೋಗದ, ತೊದಲು ಮಾತಾಡುವ ವಯಸ್ಸು ಅದು. ಆ ಹಲ್ಲು ಬಾಯಲ್ಲಿ ಮೂಡುವುದು ಏಳನೇ ವರ್ಷದಲ್ಲಿ. ಕೆಡುವುದಕ್ಕೂ ಕಾಣುವುದಕ್ಕೂ ನಡುವೆ ಐದಾರು ವರ್ಷಗಳ ಅಂತರವಿರುವುದರಿಂದಲೇ ತಾಯಂದಿರಿಗೆ ನೀರಿನ ಮೇಲೆ ಅನುಮಾನ ಬರುವುದಿಲ್ಲ.

ಫ್ಲೋರೈಡಿನ ಕಲೆಯನ್ನು ಗುರುತಿಸುವುದು ಕಷ್ಟವೇನಲ್ಲ. ಎಂಟು-ಹತ್ತು ವರ್ಷದ ಮಗುವನ್ನು ಬೆಳಕಿನಲ್ಲಿ ನಿಲ್ಲಿಸಿ ಮೇಲ್ದುಟಿ ಎತ್ತಿ ನೋಡಿ. ಸೌಮ್ಯವಾಗಿದ್ದರೆ ಹಲ್ಲಿನ ಮೇಲೆ ಅಡ್ಡಡ್ಡಲಾಗಿ ಸುಣ್ಣದ ಬಿಳುಪಿನ ಗೆರೆಗಳು ಕಾಣುತ್ತವೆ. ಹೆಚ್ಚಾಗಿದ್ದರೆ ಹೊಳಪೇ ಇಲ್ಲದೆ ಇಡೀ ಹಲ್ಲು ಸೀಮೆಸುಣ್ಣದಂತಿರುತ್ತದೆ, ನಡುವೆ ಹಳದಿ ಇಲ್ಲವೆ ಕಂದು ಪಟ್ಟಿ. ತೀರಾ ಹೆಚ್ಚಾಗಿದ್ದರೆ ಅಲ್ಲಲ್ಲಿ ಗುಳಿ ಬಿದ್ದು ಅಂಚು ಉದುರಿರುತ್ತದೆ. ಎಡಗಡೆಯ ಹಲ್ಲಿನಲ್ಲಿ ಯಾವ ಎತ್ತರಕ್ಕೆ ಗೆರೆ ಇದೆಯೋ ಬಲಗಡೆಯ ಜೋಡಿ ಹಲ್ಲಿನಲ್ಲೂ ಅದೇ ಎತ್ತರಕ್ಕೆ ಗೆರೆ ಇರುತ್ತದೆ, ಯಾಕೆಂದರೆ ಎರಡೂ ಒಂದೇ ದಿನಗಳಲ್ಲಿ ಕಟ್ಟಿದವು. ಹುಳುಕು ಹೀಗೆ ಜೋಡಿಯಾಗಿ, ಗೆರೆಯಾಗಿ ಬರುವುದಿಲ್ಲ. ಒಂದು ಕಡೆ ಗುಳಿಯಾಗಿ, ಮೆತ್ತಗಾಗಿ ಕೊರೆಯುತ್ತದೆ. ತಂಬಾಕಿನ ಕಲೆ ಒಸಡಿನ ಅಂಚಿನಲ್ಲಿ ಹೊರಗಿನಿಂದ ಹತ್ತಿರುತ್ತದೆ, ದಂತವೈದ್ಯರು ಕೆರೆದರೆ ಹೋಗುತ್ತದೆ. ಫ್ಲೋರೈಡಿನ ಕಲೆ ಹಲ್ಲಿನೊಳಗೇ ಇರುವುದರಿಂದ ಉಜ್ಜಿದರೆ ಹೋಗದು.

ಇನ್ನೊಂದು ಸಂಗತಿಯನ್ನು ಪಾಲಕರು ತಿಳಿಯಬೇಕು. ಇಂಥ ಹಲ್ಲು ಮೂಡುವಾಗ ಬಿಳುಚಿಕೊಂಡಿರುತ್ತದೆಯೇ ಹೊರತು ಕಂದಾಗಿರುವುದಿಲ್ಲ. ಬಾಯಿಗೆ ಬಂದ ಮೇಲೆ ಚಹಾ, ಅರಿಸಿನ, ಊಟದ ಬಣ್ಣ ಆ ತೂತುಗಳಲ್ಲಿ ಇಳಿದು ವರ್ಷಗಳು ಕಳೆದಂತೆ ಕಂದಾಗುತ್ತದೆ. ಅದಕ್ಕೇ ಹಲ್ಲು ಸರಿಯಾಗಿ ಉಜ್ಜುತ್ತಿಲ್ಲವೆಂದು ಮಗುವಿಗೆ ಏಟು ಬೀಳುತ್ತದೆ. ಮಕ್ಕಳು ಇದ್ದಿಲು, ಇಟ್ಟಿಗೆ ಪುಡಿ, ಕುಳ್ಳಿನ ಬೂದಿ ಹಾಕಿ ತಿಕ್ಕಿ ತಿಕ್ಕಿ, ಮೊದಲೇ ದುರ್ಬಲವಾದ ಪದರವನ್ನು ಇನ್ನಷ್ಟು ಸವೆಸಿಕೊಳ್ಳುತ್ತಾರೆ.

ಹಸುಗೂಸಿಗೆ ಪ್ರಕೃತಿಯೇ ಕೊಟ್ಟ ರಕ್ಷಣೆ ಎದೆಹಾಲು. ತಾಯಿ ಫ್ಲೋರೈಡ್ ನೀರು ಕುಡಿದರೂ ಎದೆಹಾಲಿಗೆ ಅದು ಇಳಿಯುವುದು ತೀರಾ ಅಲ್ಪ. ಆದರೆ ಆರು ತಿಂಗಳೊಳಗೇ ಪುಡಿಹಾಲು ಶುರುಮಾಡಿ ಅದನ್ನು ಬೋರಿನ ನೀರಿನಲ್ಲಿ ಕಲಸಿದರೆ ಕೂಸಿನ ಆಹಾರಕ್ಕೆಲ್ಲ ಫ್ಲೋರೈಡ್ ಸೇರುತ್ತದೆ. ನೀರನ್ನು ಕುದಿಸಿದರೆ ದೋಷ ಹೋಗುತ್ತದೆಂಬ ನಂಬಿಕೆ ಇಲ್ಲಿ ಕೆಲಸ ಮಾಡದು. ಕುದಿಸಿದಾಗ ರೋಗಾಣು ಸಾಯುತ್ತದೆ, ನೀರು ಆವಿಯಾಗುತ್ತದೆ, ಫ್ಲೋರೈಡ್ ಮಾತ್ರ ಉಳಿದು ಸಾಂದ್ರವಾಗುತ್ತದೆ.

ಕಲೆಯ ಗುಟ್ಟು ಬಿಡಿಸಿದ ದಾರಿ

ಈ ಕಲೆಗೆ ಫ್ಲೋರೈಡೇ ಕಾರಣವೆಂದು ಜಗತ್ತು ತಿಳಿದದ್ದು ಜನರ ಹಲ್ಲನ್ನು ನೋಡಿಯೇ. 1901ರಲ್ಲಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ವೃತ್ತಿ ಆರಂಭಿಸಿದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಅಲ್ಲಿ ಹುಟ್ಟಿ ಬೆಳೆದ ಹಲವರ ಹಲ್ಲುಗಳು ಕಂದಾಗಿರುವುದನ್ನು ಕಂಡ. ಮೂವತ್ತು ವರ್ಷ ಅದರ ಬೆನ್ನು ಹತ್ತಿದ. 1931ರಲ್ಲಿ ಎಚ್.ವಿ. ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ನೀರಿನಲ್ಲಿನ ಫ್ಲೋರೈಡೇ ಕಾರಣವೆಂದು ಪತ್ತೆಹಚ್ಚಿದ. ಮುಂದೆ ಟ್ರೆಂಡ್ಲಿ ಡೀನ್ ಈ ಕಲೆಗಳನ್ನು ದರ್ಜೆವಾರು ವಿಂಗಡಿಸುವ ಅಳತೆಯನ್ನು ರೂಪಿಸಿದ. ಅದು ಇಂದಿಗೂ ಬಳಕೆಯಲ್ಲಿದೆ.

ಫ್ಲೋರೈಡ್ ಅಲ್ಪಪ್ರಮಾಣದಲ್ಲಿದ್ದಲ್ಲಿ ಹುಳುಕು ಕಡಿಮೆ ಎಂಬುದೂ ಆಗಲೇ ತಿಳಿಯಿತು. 1945ರಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ತನ್ನ ನೀರಿಗೆ ಅಳೆದು ಫ್ಲೋರೈಡ್ ಬೆರೆಸಿತು. ಅದೇ ವಸ್ತು ತೀರಾ ಕಡಿಮೆಯಾದರೆ ಹುಳುಕು ಹೆಚ್ಚು, ಅತಿಯಾದರೆ ಕಲೆ. ಭಾರತದಲ್ಲಿ 1937ರಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಫ್ಲೋರೋಸಿಸ್, ಅಂದರೆ ಅತಿ ಫ್ಲೋರೈಡಿನಿಂದ ಬರುವ ಕಾಯಿಲೆ, ಮೊದಲು ವರದಿಯಾಯಿತು. ಅಲ್ಲಿ ಮನುಷ್ಯರಿಗಿಂತ ಮುಂಚೆ ಉಳುವ ಎತ್ತುಗಳಲ್ಲಿ ಈ ಕಾಯಿಲೆಯನ್ನು ಗಮನಿಸಲಾಗಿತ್ತು.

ಊಟವೂ ಇದರಲ್ಲಿ ಪಾಲುದಾರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1973ರಲ್ಲಿ ಫ್ಲೋರೈಡ್ ಸೀಮೆಯ ಹದಿಹರೆಯದವರಲ್ಲಿ ಮೊಣಕಾಲು ಒಳಬಾಗುವ ಕಾಯಿಲೆಯನ್ನು ವಿವರಿಸಿದರು. ಒಂದೇ ನೀರು ಕುಡಿದರೂ ಕ್ಯಾಲ್ಸಿಯಂ ಕೊರತೆಯ ಊಟ ಮಾಡುವವರನ್ನು ಫ್ಲೋರೈಡ್ ಹೆಚ್ಚು ಬಾಧಿಸುತ್ತದೆ. ಹುಣಸೆಹಣ್ಣು ಸೇರಿಸಿದ ಊಟದಿಂದ ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋಯಿತೆಂದು ಅದೇ ಸಂಸ್ಥೆ 2002ರಲ್ಲಿ ತೋರಿಸಿತು. ಹಾಲು, ಮೊಸರು, ರಾಗಿ, ಎಳ್ಳು, ನುಗ್ಗೆಸೊಪ್ಪು, ಹುಣಸೆಹುಳಿಯ ಸಾರು, ಇವು ಬಡವರ ತಾಟಿನಲ್ಲೂ ಬರಬಹುದಾದ ಆಸರೆ. ಆದರೆ ಇವು ನೀರಿಗೆ ಬದಲಿಯಲ್ಲ.

ಶಾಲೆಯ ವಯಸ್ಸು: ಪೊಟ್ಟಣದ ಸಿಹಿ

ಫ್ಲೋರೈಡ್ ಇರುವ ಊರಿನಲ್ಲಿ ಹುಳುಕು ಇರುವುದಿಲ್ಲವೆಂದು ಭಾವಿಸುವಂತಿಲ್ಲ. ಗುಳಿಬಿದ್ದ ಎನಾಮೆಲ್‌ನಲ್ಲಿ ಅಂಟು ತಿನಿಸು ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ಭಾರತೀಯ ದಂತವೈದ್ಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 5 ವರ್ಷದ ಮಕ್ಕಳಲ್ಲಿ ಶೇ 51.9, 12 ವರ್ಷದವರಲ್ಲಿ ಶೇ 53.8, 15 ವರ್ಷದವರಲ್ಲಿ ಶೇ 63.1 ಮಂದಿಗೆ ಹುಳುಕು ಹಲ್ಲಿತ್ತು.

ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲವಾಗಿಸುತ್ತದೆ. ಒಂದು ಸಲ ಸಿಹಿ ತಿಂದರೆ ಇಪ್ಪತ್ತು-ಮೂವತ್ತು ನಿಮಿಷ ಹಲ್ಲಿನ ಮೇಲೆ ಆಮ್ಲದ ದಾಳಿ ನಡೆಯುತ್ತದೆ, ಆಮೇಲೆ ಜೊಲ್ಲು ಅದನ್ನು ತೊಳೆದು ಹಲ್ಲನ್ನು ಸರಿಪಡಿಸುತ್ತದೆ. ಹಾಗಾಗಿ ಎಷ್ಟು ಸಿಹಿ ಎನ್ನುವುದಕ್ಕಿಂತ ಎಷ್ಟು ಸಲ ಎನ್ನುವುದು ಮುಖ್ಯ. ಹಬ್ಬದ ದಿನ ಊಟದ ಜೊತೆ ಎರಡು ಹೋಳಿಗೆ ತಿಂದವನ ಹಲ್ಲಿಗಿಂತ ದಿನಕ್ಕೆ ಆರು ಸಲ ಒಂದೊಂದು ರೂಪಾಯಿಯ ಚಾಕಲೇಟು ಚೀಪಿದವನ ಹಲ್ಲು ಬೇಗ ಕೆಡುತ್ತದೆ. ಹೊಲಕ್ಕೆ ಹೋಗುವ ತಾಯಿ ಅಳುವ ಕೂಸಿನ ಕೈಗೆ ಬಿಸ್ಕೀಟಿನ ಪುಡಿಕೆ ಕೊಟ್ಟು ಹೋಗುವುದು, ರಾತ್ರಿ ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಕೂಸು ಮಲಗುವುದು, ಚಹಾದಲ್ಲಿ ಅದ್ದಿದ ಬಿಸ್ಕೀಟೇ ಬೆಳಗಿನ ನಾಷ್ಟಾ ಆಗುವುದು, ಇವೆಲ್ಲ ಇಂದಿನ ಹಳ್ಳಿಯ ಪರಿಸರ. ಜೋಳದ ರೊಟ್ಟಿ ಅಗಿದು ತಿನ್ನುವ ಮಗುವಿನ ಬಾಯಲ್ಲಿ ಜೊಲ್ಲು ಚೆನ್ನಾಗಿ ಸುರಿದು ಹಲ್ಲನ್ನು ಕಾಯುತ್ತದೆ. ಪುಡಿಕೆಯ ತಿನಿಸಿನಲ್ಲಿ ಆ ಕಾವಲಿಲ್ಲ.

ಆರನೇ ವರ್ಷದಲ್ಲಿ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದು ದವಡೆಹಲ್ಲು ಮೂಡುತ್ತದೆ. ಇದೂ ಬಿದ್ದುಹೋಗುವ ಹಲ್ಲೇ ಎಂದು ಬಹಳ ಮಂದಿ ನಿರ್ಲಕ್ಷಿಸುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು, ಹುಳುಕು ಹತ್ತುವುದರಲ್ಲೂ ಅದೇ ಮುಂದು. ಹತ್ತು ವರ್ಷಕ್ಕೇ ಅದನ್ನು ಕೀಳಿಸಿಕೊಂಡ ಮಗು ಮುಂದೆ ಆ ಕಡೆ ಸರಿಯಾಗಿ ಅಗಿಯಲಾರದು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಶಾಲೆ, ಅಂಗನವಾಡಿಗಳಿಗೆ ಬರುವ ತಂಡ ತಪಾಸಣೆ ಮಾಡುವ 30 ತೊಂದರೆಗಳಲ್ಲಿ ಹುಳುಕು ಹಲ್ಲೂ ಒಂದು. ತಪಾಸಣೆಯ ಚೀಟಿ ಮನೆಯ ಗೂಡು ಸೇರದೆ ದಂತವೈದ್ಯರ ಕುರ್ಚಿಯವರೆಗೆ ಹೋಗುವಂತೆ ನೋಡಿಕೊಳ್ಳುವುದು ಶಿಕ್ಷಕರ, ಪಾಲಕರ ಕೆಲಸ. ಟೂತ್‌ಪೇಸ್ಟಿನ ವಿಷಯದಲ್ಲೂ ಎಚ್ಚರ ಬೇಕು. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಸಾಕು. ದೊಡ್ಡವರು ಎದುರಿಗಿದ್ದು ಉಗುಳಿಸಬೇಕು. ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರಿನಲ್ಲಿ ಪುಟ್ಟ ಮಕ್ಕಳ ಪೇಸ್ಟನ್ನು ದಂತವೈದ್ಯರನ್ನು ಕೇಳಿಯೇ ಆರಿಸಬೇಕು.

ಹರೆಯ: ನಗು ಮುಚ್ಚುವ ಕೈ

ಹರೆಯದಲ್ಲಿ ಕಂದು ಹಲ್ಲಿನ ನೋವು ಬೇರೆಯದೇ. ಅದು ಹಲ್ಲಿನಲ್ಲಿ ನೋಯುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಹುಡುಗ ಫೋಟೋಕ್ಕೆ ತುಟಿ ಬಿಗಿಹಿಡಿಯುತ್ತಾನೆ. ಹೆಣ್ಣು ನೋಡಲು ಬಂದವರು ಹಲ್ಲಿನ ಮಾತು ತೆಗೆಯುತ್ತಾರೆ. "ಇದು ನಮ್ಮೂರ ನೀರಿನ ಗುಣರೀ" ಎಂದು ಹೆತ್ತವರು ತಲೆ ತಗ್ಗಿಸಿ ಹೇಳಬೇಕಾಗುತ್ತದೆ. ಯಾರದೂ ತಪ್ಪಿಲ್ಲದ ಒಂದು ಕಲೆಗಾಗಿ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಸೌಮ್ಯವಾದ ಕಲೆಗಳನ್ನು ಮೇಲ್ಪದರವನ್ನು ತೆಳುವಾಗಿ ಉಜ್ಜಿ, ಬಿಳುಪಾಗಿಸಿ ತಿಳಿಗೊಳಿಸಬಹುದು. ಗುಳಿಬಿದ್ದ ಹಲ್ಲಿಗೆ ಹಲ್ಲಿನ ಬಣ್ಣದ ಪದರ ಇಲ್ಲವೆ ಕವಚ ಹಾಕಬಹುದು. ಇವು ದುಬಾರಿ. ಧಾರವಾಡ, ಬಾಗಲಕೋಟೆಯಂಥ ಕಡೆ ದಂತವೈದ್ಯ ಕಾಲೇಜುಗಳಿವೆ, ಆದರೆ ಮುಂಡರಗಿಯ ಕೂಲಿಕಾರನಿಗೆ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಪಗಾರ ಬಿಟ್ಟಂತೆ.

ಹರೆಯದ ಇನ್ನೊಂದು ಶತ್ರು ಗುಟ್ಕಾ. ಕರ್ನಾಟಕ ಸರ್ಕಾರ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿತು. ವ್ಯಾಪಾರ ನಿಲ್ಲಲಿಲ್ಲ: ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡನ್ನೂ ಅಂಗೈಯಲ್ಲಿ ಬೆರೆಸಿದರಾಯಿತು. 2016-17ರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ ಕಾಯ್ದೆ 2003ರಿಂದ ಇದೆ. ನಿಮ್ಮೂರ ಶಾಲೆಯ ಗೇಟಿನಲ್ಲಿ ನಿಂತು ಸುತ್ತ ನೋಡಿದರೆ ಆ ಕಾಯ್ದೆ ಎಷ್ಟು ಜೀವಂತವಾಗಿದೆಯೆಂದು ಗೊತ್ತಾಗುತ್ತದೆ.

ತಂಬಾಕಿಲ್ಲದ ಬರೀ ಅಡಿಕೆಯೂ ನಿರಪಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಸದಾ ಅಡಿಕೆ ಪೊಟ್ಟಣ ಜಗಿಯುವವರ ಕೆನ್ನೆಯೊಳಗಿನ ಮೆತ್ತನೆಯ ಪದರ ನಾರುಗಟ್ಟುತ್ತದೆ. ಮೊದಲು ಖಾರ ತಾಳಲಾಗದು, ಮಿರ್ಚಿ ಭಜಿ ಬಾಯಿಗಿಟ್ಟರೆ ಉರಿ. ಆಮೇಲೆ ಬಾಯಿ ತೆರೆಯುವುದೇ ಕಷ್ಟ. ಇದಕ್ಕೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯಿದೆ. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ, ಕೆಳಗಿನ ಬಾಚಿಹಲ್ಲುಗಳ ನಡುವೆ ಹಿಡಿಯಿರಿ. ಮೂರೂ ಸಲೀಸಾಗಿ ಹೋಗಬೇಕು. ಎರಡಕ್ಕೇ ಬಾಯಿ ಬಿಗಿದರೆ ಅಂದೇ ಪೊಟ್ಟಣ ಬಿಟ್ಟು ವೈದ್ಯರನ್ನು ಕಾಣಬೇಕು, ಯಾಕೆಂದರೆ ಅಂಥ ಬಾಯಿ ಕ್ಯಾನ್ಸರಿಗೆ ಹತ್ತಿರದ ಬಾಯಿ.

ದುಡಿಯುವ ವಯಸ್ಸು, ಮುಪ್ಪಿನ ವಯಸ್ಸು

ಮದುವೆ, ಹೆರಿಗೆ, ದುಡಿಮೆಯ ವರ್ಷಗಳಲ್ಲಿ ಹಲ್ಲಿಗಿಂತ ಒಸಡು ಮೊದಲು ಸೋಲುತ್ತದೆ. ಬಸುರಿಯಲ್ಲಿ ಹಾರ್ಮೋನುಗಳ ಏರುಪೇರಿನಿಂದ ಒಸಡು ಊದಿ ರಕ್ತ ಬರುವುದುಂಟು. ಕೂಸು ತಾಯಿಯ ಹಲ್ಲಿನ ಸುಣ್ಣ ಹೀರುತ್ತದೆ, ಹೆರಿಗೆಗೊಂದು ಹಲ್ಲು ಹೋಗುವುದು ಸಹಜ ಎಂಬ ಮಾತು ನಿಜವಲ್ಲ. ಬಸುರಿಗೆ ಹಲ್ಲಿನ ಚಿಕಿತ್ಸೆ ಮಾಡಿಸಬಾರದೆಂಬುದೂ ತಪ್ಪು ತಿಳಿವಳಿಕೆ. ನಾಲ್ಕರಿಂದ ಆರನೇ ತಿಂಗಳ ಅವಧಿ ಅದಕ್ಕೆ ಅನುಕೂಲದ ಕಾಲ. ಹಿರಿಯ ಹೆಣ್ಣುಮಕ್ಕಳಲ್ಲಿ ನಶ್ಯ ಇಲ್ಲವೆ ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲು ತಿಕ್ಕುವ ಚಟ ಇನ್ನೂ ಇದೆ. ಹಲ್ಲುನೋವಿಗೆ ಮದ್ದೆಂದು ಶುರುವಾದದ್ದು ಕೊನೆಗೆ ಒಸಡನ್ನೇ ತಿನ್ನುತ್ತದೆ.

ಸಕ್ಕರೆ ಕಾಯಿಲೆ ಹಳ್ಳಿಗೂ ಬಂದಿದೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಒಸಡಿನ ಸೋಂಕು ಬಲಿಯುತ್ತದೆ, ಒಸಡಿನ ಸೋಂಕಿದ್ದರೆ ಸಕ್ಕರೆ ಹತೋಟಿಗೆ ಬರುವುದಿಲ್ಲ. ಬಿ.ಪಿ. ಮಾತ್ರೆಗಳಲ್ಲಿ ಕೆಲವು ಬಾಯಿಯ ಜೊಲ್ಲನ್ನು ಆರಿಸುತ್ತವೆ, ಜೊಲ್ಲಿಲ್ಲದ ಬಾಯಲ್ಲಿ ಹಲ್ಲಿನ ಬೇರಿಗೇ ಹುಳುಕು ಹತ್ತುತ್ತದೆ. ದಂತವೈದ್ಯ ಪರಿಷತ್ತಿನ ಅದೇ ರಾಷ್ಟ್ರೀಯ ಸಮೀಕ್ಷೆಯಲ್ಲಿ 35ರಿಂದ 44 ವಯಸ್ಸಿನವರಲ್ಲಿ ಹುಳುಕು ಶೇ 80 ದಾಟಿತ್ತು.

ಹಲ್ಲು ಹೋದ ಮುದುಕರ ತಾಟನ್ನು ನೋಡಿದರೆ ನಷ್ಟ ಏನೆಂದು ತಿಳಿಯುತ್ತದೆ. ಕಟಕ್ ರೊಟ್ಟಿ, ಹಸಿ ಗಜ್ಜರಿ, ಮೂಲಂಗಿ, ಹುರಿದ ಶೇಂಗಾ, ಕಡಲೆ ಎಲ್ಲವೂ ತಾಟಿನಿಂದ ಹೊರಗೆ. ರೊಟ್ಟಿಯನ್ನು ಸಾರಿನಲ್ಲೋ ಹಾಲಿನಲ್ಲೋ ನೆನೆಸಿ, ಕಿವುಚಿ, ನುಂಗುವುದಷ್ಟೇ ಉಳಿದದ್ದು. ಕಾಳು, ಕಾಯಿಪಲ್ಲೆ ತಪ್ಪಿದ ಮೈ ಸೊರಗುತ್ತದೆ. ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ 'ದಂತ ಭಾಗ್ಯ' ಯೋಜನೆಯನ್ನು ರಾಜ್ಯ ಸರ್ಕಾರ ತಂದಿತು. ಇಂಥ ನೆರವಿದೆಯೆಂಬುದನ್ನು ಆಶಾ ಕಾರ್ಯಕರ್ತೆಯರ ಮೂಲಕ ಪ್ರತಿ ಮನೆಗೆ ಮುಟ್ಟಿಸಬೇಕು.

ಫ್ಲೋರೈಡ್ ಸೀಮೆಯಲ್ಲಿ ಮುಪ್ಪಿಗೆ ಇನ್ನೊಂದು ಹೊರೆ ಸೇರುತ್ತದೆ. ಬಾಲ್ಯದಲ್ಲಿ ಹಲ್ಲಿಗೆ ಕಲೆ ಹಾಕಿದ ನೀರನ್ನೇ ನಲವತ್ತು-ಐವತ್ತು ವರ್ಷ ಕುಡಿದರೆ ಅದು ಎಲುಬಿಗೆ ಇಳಿಯುತ್ತದೆ. ಮೂರು ಸರಳ ಪರೀಕ್ಷೆಗಳಿವೆ: ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವುದು. ಇವು ಆಗದೆ ನಡು, ಕುತ್ತಿಗೆ ಪೆಡಸಾಗಿದ್ದರೆ ವಯಸ್ಸಾಯಿತೆಂದು ಸುಮ್ಮನಾಗದೆ ನೀರನ್ನು ಪರೀಕ್ಷಿಸಬೇಕು.

ಆದದ್ದು, ಆಗಬೇಕಾದದ್ದು

ಪರಿಹಾರದ ಪ್ರಯತ್ನಗಳು ಆಗಿಲ್ಲವೆಂದಲ್ಲ. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ಸ್ಫಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಬಳಸಿ ಫ್ಲೋರೈಡ್ ಇಳಿಸುವ 'ನಲ್ಗೊಂಡ' ವಿಧಾನವನ್ನು ಕೊಟ್ಟಿತು. ಅಗ್ಗವಾದರೂ ದಿನವೂ ಅಳೆದು ಬೆರೆಸುವ ಶಿಸ್ತು ಬೇಕಾದ್ದರಿಂದ ಮನೆಗಳಲ್ಲಿ ನಿಲ್ಲಲಿಲ್ಲ. ಬೈಫ್ ಸಂಸ್ಥೆ 'ಸಚೇತನ' ಯೋಜನೆಯಲ್ಲಿ ಮುಂಡರಗಿ, ಪಾವಗಡ, ಬಾಗೇಪಲ್ಲಿ ಸೀಮೆಯ ಹಳ್ಳಿಗಳ ಮನೆಗಳಿಗೆ ಮಾಳಿಗೆಯ ಮಳೆನೀರು ಹಿಡಿಯುವ ತೊಟ್ಟಿ ಕಟ್ಟಿಸಿತು. 2006ರ ಹೊತ್ತಿಗೆ 'ಸುವರ್ಣ ಜಲ' ಯೋಜನೆ ರಾಜ್ಯದ 23 ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳ ಚಾವಣಿಯ ಮಳೆನೀರು ಹಿಡಿಯಲು ಕೈಹಾಕಿತು. ನಿರ್ವಹಣೆಯಿಲ್ಲದೆ ಅದರಲ್ಲಿ ಬಹಳಷ್ಟು ಮೂಲೆಗುಂಪಾಯಿತು. ಇದೇ ಜಿಲ್ಲೆಯ ಹುಲಕೋಟಿಯವರಾದ ಎಚ್.ಕೆ. ಪಾಟೀಲರು 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಶುದ್ಧ ಕುಡಿಯುವ ನೀರಿನ ಘಟಕಗಳು ಹಳ್ಳಿಹಳ್ಳಿಗೆ ಬಂದವು. ತುಂಗಭದ್ರೆಯ ಹೊಳೆನೀರು ಗದಗ-ಬೆಟಗೇರಿಗೂ ಜಿಲ್ಲೆಯ ಹಲವು ಹಳ್ಳಿಗಳಿಗೂ ಪೈಪಿನಲ್ಲಿ ಬರುತ್ತಿದೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಮನೆಮನೆಗೆ ನಳ ಕೊಡುವ ಹಾದಿಯಲ್ಲಿದೆ.

ಆದರೂ ಮೂರು ಲೋಪಗಳು ಉಳಿದಿವೆ. ಘಟಕದ ನೀರನ್ನು ಜನ ಕುಡಿಯಲು ಮಾತ್ರ ತರುತ್ತಾರೆ. ಅನ್ನ, ಬೇಳೆ, ಚಹಾ ಎಲ್ಲ ಬೋರಿನ ನೀರಿನಲ್ಲೇ ಬೇಯುತ್ತವೆ. ಹಾಗಾಗಿ ಫ್ಲೋರೈಡ್ ಅಡುಗೆಯ ದಾರಿಯಿಂದ ಒಳಬರುತ್ತದೆ. ಎರಡನೆಯದು, ಘಟಕ ಕೆಟ್ಟಾಗ, ಹೊಳೆನೀರು ತಡವಾದಾಗ ಊರು ಮತ್ತೆ ಬೋರಿಗೇ ಮರಳುತ್ತದೆ. ದೊಡ್ಡವರಿಗೆ ಆರು ತಿಂಗಳ ವ್ಯತ್ಯಯ ಸಣ್ಣದಿರಬಹುದು. ಎರಡು ವರ್ಷದ ಕೂಸಿಗೆ ಅದು ಬಾಚಿಹಲ್ಲಿನ ಮೇಲೆ ಉಳಿಯುವ ಗೆರೆ. ಮೂರನೆಯದು, ಘಟಕ ಶೋಧಿಸಿ ಹೊರಬಿಡುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚು. ಅದನ್ನು ದನಗಳ ಬಾನಿಗೆ ಬಿಡುವುದೆಂದರೆ ನೆಲ್ಲೂರಿನ ಎತ್ತುಗಳ ಪಾಡನ್ನೇ ನಮ್ಮ ಕೊಟ್ಟಿಗೆಗೆ ತಂದುಕೊಂಡಂತೆ.

ಹೊಂಬಳವಾಗಲಿ, ಮುಂಡರಗಿಯ ಯಾವುದೇ ಹಳ್ಳಿಯಾಗಲಿ, ಮೊದಲ ಹೆಜ್ಜೆ ಪರೀಕ್ಷೆ. ಜಲಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐದು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ, ಕಿಟ್ ಕೊಡುವ ವ್ಯವಸ್ಥೆ ಮಾಡಿದೆ. ನಿಮ್ಮೂರಿನ ಪ್ರತಿ ಬೋರಿನ ಫ್ಲೋರೈಡ್ ಅಂಕಿಯನ್ನು ಗ್ರಾಮಸಭೆಯಲ್ಲಿ ಕೇಳಿ, ಬೋರಿನ ಕಟ್ಟೆಯ ಮೇಲೆ ಬರೆಸಿ. ಅಂಗನವಾಡಿಯ ಅಡುಗೆ, ಬಸುರಿ-ಬಾಣಂತಿಯರಿಗೆ 2017ರಿಂದ ಕೊಡುತ್ತಿರುವ ಮಾತೃಪೂರ್ಣದ ಊಟ, ಶಾಲೆಯ ಬಿಸಿಯೂಟ ಯಾವ ನೀರಿನಲ್ಲಿ ಬೇಯುತ್ತಿದೆ ಎಂದು ಕೇಳಿ.

ಒಳ್ಳೆಯ ನೀರು ಎಲ್ಲರಿಗೂ ಸಾಲದಿದ್ದ ದಿನ ಅದರ ಮೇಲಿನ ಮೊದಲ ಹಕ್ಕು ಎಂಟು ವರ್ಷದೊಳಗಿನ ಮಕ್ಕಳದು ಮತ್ತು ಬಸುರಿಯರದು. ಉಳಿದವರ ಹಲ್ಲಿನ ಮೇಲೆ ನೀರು ಆಗಲೇ ತನ್ನ ಗುರುತು ಬರೆದಾಗಿದೆ, ಈ ಮಕ್ಕಳ ಹಲ್ಲಿನ ಮೇಲೆ ಇನ್ನೂ ಬರೆಯುತ್ತಿದೆ. ಪ್ರತಿ ಗ್ರಾಮ ಪಂಚಾಯಿತಿ ಈ ಒಂದು ಠರಾವನ್ನು ಈ ವರ್ಷವೇ ಮಾಡಿ ಜಾರಿಗೆ ತರಲಿ. ಈಗ ಎರಡು ವರ್ಷದ ಮಗು ಏಳನೇ ವರ್ಷಕ್ಕೆ ಬರುವಾಗ ಫಲ ಕಣ್ಣಿಗೆ ಕಾಣುತ್ತದೆ.